ಲಂಡನ್ ಬಲವನ್ನು ದುರ್ಬಲ ಅನ್ನುವ ಮುನ್ನ

ಹೈಡ್ರೋಜನ್ ಕ್ಲೋರೈಡ್ ಕುದಿಯುವುದು −85 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಹೈಡ್ರೋಜನ್ ಬ್ರೋಮೈಡ್ −67ರಲ್ಲಿ, ಹೈಡ್ರೋಜನ್ ಅಯೊಡೈಡ್ −35ರಲ್ಲಿ. ಇದೇ ಮೂರರ ಡೈಪೋಲ್ ಮೊಮೆಂಟ್, ಅಂದರೆ ಅಣುವಿನ ಧ್ರುವೀಯತೆಯ ಅಳತೆ, ನೋಡಿ: 1.08, 0.82, 0.44 ಡಿಬೈ (ಡಿಬೈ ಅದರ ಮಾನ). ಧ್ರುವೀಯತೆ ಇಳಿಯುತ್ತಾ ಹೋಗುತ್ತಿದೆ, ಕುದಿಬಿಂದು ಏರುತ್ತಾ ಹೋಗುತ್ತಿದೆ. ಅಣುಗಳನ್ನು ಒಂದಕ್ಕೊಂದು ಹಿಡಿದಿಡುವ ಸೆಳೆತಗಳಲ್ಲಿ ಲಂಡನ್ ಬಲ ಎಲ್ಲ ಅಣುಗಳ ನಡುವೆಯೂ ಇರುತ್ತದೆ, ದ್ವಿಧ್ರುವ ಬಲ ಧ್ರುವೀಯ ಅಣುಗಳ ನಡುವೆ ಮಾತ್ರ. ‘ಲಂಡನ್ ಬಲ ಎಲ್ಲಕ್ಕಿಂತ ದುರ್ಬಲ, ದ್ವಿಧ್ರುವ ಬಲ ಅದಕ್ಕಿಂತ ಮೇಲೆ, ಹೈಡ್ರೋಜನ್ ಬಂಧ ಎಲ್ಲಕ್ಕಿಂತ ಮೇಲೆ’ ಎಂದು ಬಾಯಿಪಾಠ ಮಾಡಿಕೊಂಡವರು, ಈ ಮೂರನ್ನು ಕುದಿಬಿಂದುವಿನ ಕ್ರಮದಲ್ಲಿ ಜೋಡಿಸಿ ಎಂಬ ಪ್ರಶ್ನೆಯಲ್ಲಿ ಕ್ರಮವನ್ನು ತಲೆಕೆಳಗಾಗಿ ಬರೆಯುತ್ತಾರೆ. ಹೆಚ್ಚು ಧ್ರುವೀಯವಾದದ್ದು ಹೆಚ್ಚು ಬಿಸಿಯಲ್ಲಿ ಕುದಿಯಬೇಕಲ್ಲವೇ ಎನ್ನುವುದು ಅವರ ತರ್ಕ. ತರ್ಕದಲ್ಲಿ ದೋಷವಿಲ್ಲ. ಕಲಿತ ಸಾಲೇ ಅರ್ಧ.

ಅದರಲ್ಲಿ ಬಿಟ್ಟುಹೋದ ಇನ್ನರ್ಧ ಒಂದು ಷರತ್ತು: ಹೋಲಿಸುತ್ತಿರುವ ಅಣುಗಳ ಇಲೆಕ್ಟ್ರಾನ್ ಮೋಡಗಳು ಹೆಚ್ಚುಕಡಿಮೆ ಒಂದೇ ಗಾತ್ರದ್ದಾಗಿರಬೇಕು. ಹೈಡ್ರೋಜನ್ ಕ್ಲೋರೈಡ್‌ನಲ್ಲಿ 18 ಇಲೆಕ್ಟ್ರಾನ್, ಬ್ರೋಮೈಡ್‌ನಲ್ಲಿ 36, ಅಯೊಡೈಡ್‌ನಲ್ಲಿ 54. ಮೂರರಲ್ಲೂ ದ್ವಿಧ್ರುವ ಬಲವಿದೆ, ಮೂರರಲ್ಲೂ ಲಂಡನ್ ಬಲವೂ ಇದೆ. ಬದಲಾಗುತ್ತಿರುವುದು ಮುಖ್ಯವಾಗಿ ಎರಡನೆಯದು. ಹೈಡ್ರೋಜನ್ ಕ್ಲೋರೈಡ್‌ನಂಥ ಧ್ರುವೀಯ ಅಣುವಿನಲ್ಲೂ ಒಟ್ಟು ಆಕರ್ಷಣೆಯ ಶೇಕಡ 80ಕ್ಕಿಂತ ಹೆಚ್ಚು ಪಾಲು ಲಂಡನ್ ಬಲದ್ದೇ ಎಂದು ಲೆಕ್ಕ ಹೇಳುತ್ತದೆ. ಅಯೊಡೈಡ್‌ನಲ್ಲಂತೂ ಬಹುತೇಕ ಎಲ್ಲವೂ ಅದೇ.

ಮುಂದೆ ಹೋಗುವ ಮೊದಲು ಒಂದು ತಪ್ಪನ್ನು ಇಲ್ಲೇ ತೆಗೆದುಹಾಕಬೇಕು, ಉತ್ತರಪತ್ರಿಕೆಗಳಲ್ಲಿ ಅಂಕ ಹೋಗುವುದು ಹೆಚ್ಚಾಗಿ ಇದರಿಂದಲೇ. ನೀರು ಕುದಿಯುವಾಗ ಆಕ್ಸಿಜನ್–ಹೈಡ್ರೋಜನ್ ಬಂಧ ಮುರಿಯುವುದಿಲ್ಲ. ಹಬೆಯಲ್ಲಿ ಇರುವುದೂ ನೀರಿನ ಅಣುವೇ. ಆ ಸಹವೇಲೆನ್ಸೀಯ ಬಂಧವನ್ನು ಮುರಿಯಲು ಒಂದು ಮೋಲ್‌ಗೆ ಸುಮಾರು 463 ಕಿಲೋಜೂಲ್ ಬೇಕು. ಒಂದು ಮೋಲ್ ನೀರನ್ನು 100 ಡಿಗ್ರಿಯಲ್ಲಿ ಆವಿ ಮಾಡಲು ಸಾಕಾಗುವುದು 40.7 ಕಿಲೋಜೂಲ್. ಈ 40.7 ಎಲ್ಲಿಂದ ಬಂತು ಎಂದು ಅಂದಾಜು ಮಾಡುವುದೂ ಕಷ್ಟವಲ್ಲ. ನೀರಿನ ಒಂದು ಅಣು ಸುತ್ತಲಿನವುಗಳೊಂದಿಗೆ ಹೆಚ್ಚೆಂದರೆ ನಾಲ್ಕು ಹೈಡ್ರೋಜನ್ ಬಂಧ ಮಾಡಬಲ್ಲದು. ಪ್ರತಿ ಬಂಧವನ್ನೂ ಎರಡು ಅಣುಗಳು ಹಂಚಿಕೊಳ್ಳುವುದರಿಂದ ತಲಾ ಎರಡು. ಒಂದೊಂದಕ್ಕೆ ಸುಮಾರು 20 ಕಿಲೋಜೂಲ್ ಹಿಡಿದರೆ 40 ಆಯಿತು. ಒರಟು ಲೆಕ್ಕ ನಿಜ, ಆದರೆ ‘ಹೈಡ್ರೋಜನ್ ಬಂಧ’ ಎಂಬ ಹೆಸರಿನಲ್ಲಿರುವ ‘ಬಂಧ’ ನಿಜವಾದ ಬಂಧದ ಇಪ್ಪತ್ತನೇ ಒಂದು ಪಾಲಿನಷ್ಟು ಮಾತ್ರ ಎನ್ನುವುದು ಇದರಿಂದ ಮನಸ್ಸಿಗೆ ಇಳಿಯುತ್ತದೆ.

ಈಗ ಬಾಯಿಪಾಠದ ಸಾಲಿನ ಮೂರು ಮೆಟ್ಟಿಲುಗಳನ್ನು (ಲಂಡನ್ ಬಲ, ದ್ವಿಧ್ರುವ ಬಲ, ಹೈಡ್ರೋಜನ್ ಬಂಧ) ಸರಿಯಾಗಿ ಅಳೆಯೋಣ. ಅದಕ್ಕೆ ಇಲೆಕ್ಟ್ರಾನ್ ಸಂಖ್ಯೆ ಒಂದೇ ಇರುವ ಅಣುಗಳನ್ನು ಒಟ್ಟಿಗೆ ಇಡಬೇಕು. ಸರಿಯಾಗಿ 18 ಇಲೆಕ್ಟ್ರಾನ್ ಇರುವವುಗಳ ದೊಡ್ಡ ಕುಟುಂಬವೇ ಇದೆ. ಕುದಿಬಿಂದುವಿನ ಏರಿಕೆಯ ಕ್ರಮದಲ್ಲಿ ಹೇಳುವುದಾದರೆ: ಫ್ಲೋರಿನ್ −188, ಆರ್ಗಾನ್ −186, ಸಿಲೇನ್ −112, ಈಥೇನ್ −89, ಫಾಸ್ಫೀನ್ −88, ಹೈಡ್ರೋಜನ್ ಕ್ಲೋರೈಡ್ −85, ಮೀಥೈಲ್ ಫ್ಲೋರೈಡ್ −78, ಹೈಡ್ರೋಜನ್ ಸಲ್ಫೈಡ್ −60, ಮೆಥನಾಲ್ 65, ಹೈಡ್ರಜಿನ್ 114, ಹೈಡ್ರೋಜನ್ ಪೆರಾಕ್ಸೈಡ್ 150.

ಈ ಸಾಲನ್ನು ಪಾಠ ಮಾಡುವ ಪ್ರತಿಯೊಬ್ಬರೂ ಒಮ್ಮೆ ಬೋರ್ಡಿನ ಮೇಲೆ ಬರೆಯಬೇಕು ಎನ್ನುವುದು ನನ್ನ ಅಭಿಪ್ರಾಯ, ಏಕೆಂದರೆ ಮೆಟ್ಟಿಲುಗಳ ನಿಜವಾದ ಎತ್ತರ ಇಲ್ಲಿ ಕಾಣುತ್ತದೆ. −60ರಿಂದ 65ಕ್ಕೆ, ಒಂದೇ ನೆಗೆತದಲ್ಲಿ 125 ಡಿಗ್ರಿ. ಆ ನೆಗೆತದ ಆಚೆ ಇರುವ ಮೂರೂ ಅಣುಗಳಲ್ಲಿ ಆಕ್ಸಿಜನ್‌ಗೋ ನೈಟ್ರೋಜನ್‌ಗೋ ನೇರವಾಗಿ ಅಂಟಿದ ಹೈಡ್ರೋಜನ್ ಇದೆ. ಈಚೆ ಇರುವ ಯಾವುದರಲ್ಲೂ ಇಲ್ಲ. ಮೂರನೇ ಮೆಟ್ಟಿಲು ನಿಜಕ್ಕೂ ಎತ್ತರದ್ದು.

ಎರಡನೇ ಮೆಟ್ಟಿಲು? ಧ್ರುವೀಯತೆ ಇಲ್ಲದ ಈಥೇನ್ −89ರಲ್ಲಿದ್ದರೆ, 1.85 ಡಿಬೈ ಡೈಪೋಲ್ ಮೊಮೆಂಟ್ ಇರುವ ಮೀಥೈಲ್ ಫ್ಲೋರೈಡ್ −78ರಲ್ಲಿದೆ. ಇಷ್ಟು ಧ್ರುವೀಯವಾಗಿಯೂ ಗಳಿಸಿದ್ದು 11 ಡಿಗ್ರಿ. ಹೈಡ್ರೋಜನ್ ಕ್ಲೋರೈಡ್ ಗಳಿಸಿದ್ದು ಬರೀ 4. ಇತ್ತ, ಧ್ರುವೀಯತೆ ಇಲ್ಲದವುಗಳ ಒಳಗೇ ಫ್ಲೋರಿನ್‌ಗೂ ಈಥೇನ್‌ಗೂ ಸುಮಾರು 100 ಡಿಗ್ರಿ ವ್ಯತ್ಯಾಸ. ಇಲೆಕ್ಟ್ರಾನ್ ಸಂಖ್ಯೆ ಒಂದೇ ಆಗಿರುವಾಗ ಈ ಅಂತರ ಎಲ್ಲಿಂದ ಬಂತು?

ಇದಕ್ಕೆ ಉತ್ತರ ಲಂಡನ್ ಬಲದ ಹುಟ್ಟಿನಲ್ಲೇ ಇದೆ. 1930ರಲ್ಲಿ ಭೌತವಿಜ್ಞಾನಿ ಫ್ರಿಟ್ಜ್ ಲಂಡನ್ ಕ್ವಾಂಟಮ್ ಸಿದ್ಧಾಂತದಿಂದ ತೋರಿಸಿದ್ದು ಇದನ್ನು: ಅಣುವಿನ ಇಲೆಕ್ಟ್ರಾನ್ ಮೋಡ ಸ್ಥಿರವಾಗಿರುವುದಿಲ್ಲ, ಕ್ಷಣಕ್ಷಣವೂ ಒಂದು ಕಡೆ ವಾಲುತ್ತಿರುತ್ತದೆ. ಆ ಕ್ಷಣದ ದ್ವಿಧ್ರುವ ಪಕ್ಕದ ಅಣುವಿನ ಮೋಡವನ್ನೂ ತನಗೆ ಹೊಂದುವಂತೆ ವಾಲಿಸುತ್ತದೆ, ಎರಡರ ನಡುವೆ ಸೆಳೆತ ಹುಟ್ಟುತ್ತದೆ. ಹಾಗಾಗಿ ಎಣಿಕೆಗಿಂತ ಮುಖ್ಯವಾದದ್ದು ಮೋಡ ಎಷ್ಟು ಸುಲಭವಾಗಿ ವಾಲುತ್ತದೆ ಎನ್ನುವುದು. ಇದಕ್ಕೆ ಪೋಲರೈಸಬಿಲಿಟಿ ಎನ್ನುತ್ತಾರೆ. ಫ್ಲೋರಿನ್ ತನ್ನ ಇಲೆಕ್ಟ್ರಾನ್‌ಗಳನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಮೋಡ ಜಗ್ಗುವುದಿಲ್ಲ. ಇಂಗಾಲ–ಹೈಡ್ರೋಜನ್ ಬಂಧಗಳ ಮೋಡ ಹರಡಿಕೊಂಡದ್ದು, ಸಡಿಲವಾದದ್ದು. ಈ ಸೆಳೆತ ದೂರದ ಆರನೇ ಘಾತಕ್ಕೆ ವಿಲೋಮ ಅನುಪಾತದಲ್ಲಿರುತ್ತದೆ: ಅಣುಗಳ ನಡುವಿನ ಅಂತರ ಎರಡರಷ್ಟಾದರೆ ಸೆಳೆತದ ಶಕ್ತಿ 64ನೇ ಒಂದು ಪಾಲಿಗೆ ಇಳಿಯುತ್ತದೆ. ಅಣುಗಳು ಎಷ್ಟು ಹತ್ತಿರ ಬರಬಲ್ಲವು, ಎಷ್ಟು ಮೈ ತಾಗಿಸಬಲ್ಲವು ಎನ್ನುವುದು ಅಷ್ಟು ಮಹತ್ವ ಪಡೆಯುವುದು ಇದರಿಂದಲೇ.

‘ಅಣುರಾಶಿ ಹೆಚ್ಚಾದರೆ ಕುದಿಬಿಂದು ಹೆಚ್ಚು’ ಎಂಬ ವಾಕ್ಯವನ್ನು ಕಾರಣವಾಗಿ ಬರೆಯಬೇಡಿ ಎನ್ನುವುದೂ ಇದಕ್ಕೇ. ರಾಶಿ ಸೆಳೆಯುವುದಿಲ್ಲ. ಹೆಕ್ಸೇನ್‌ನ ಅಣುರಾಶಿ 86, ಕುದಿಬಿಂದು 69 ಡಿಗ್ರಿ. ಅದರ ಎಲ್ಲ ಹೈಡ್ರೋಜನ್‌ಗಳ ಜಾಗದಲ್ಲಿ ಫ್ಲೋರಿನ್ ಕೂರಿಸಿದರೆ ಸಿಗುವ ಪರ್ಫ್ಲೋರೊಹೆಕ್ಸೇನ್‌ನ ಅಣುರಾಶಿ 338, ಕುದಿಬಿಂದು ಸುಮಾರು 57. ಸುಮಾರು ನಾಲ್ಕು ಪಟ್ಟು ಭಾರ, ಮೂರು ಪಟ್ಟಿಗಿಂತ ಹೆಚ್ಚು ಇಲೆಕ್ಟ್ರಾನ್, ಆದರೂ ಬೇಗ ಕುದಿಯುತ್ತದೆ. ಭಾರಜಲವನ್ನೂ (ಹೈಡ್ರೋಜನ್ ಜಾಗದಲ್ಲಿ ಅದರ ಭಾರದ ರೂಪ ಡ್ಯೂಟೀರಿಯಮ್ ಇರುವ ನೀರು) ನೋಡಿ: ಅಣುರಾಶಿ 18ರಿಂದ 20ಕ್ಕೆ ಏರಿದರೂ ಕುದಿಬಿಂದು 100ರಿಂದ 101.4ಕ್ಕೆ ಮಾತ್ರ ಹೋಗುತ್ತದೆ, ಏಕೆಂದರೆ ಇಲೆಕ್ಟ್ರಾನ್ ಮೋಡ ಹಾಗೇ ಇದೆ. ಒಂದೇ ಗುಂಪಿನ ಧಾತುಗಳಲ್ಲಿ, ಒಂದೇ ಬಗೆಯ ಸರಪಳಿಗಳಲ್ಲಿ ರಾಶಿ ಮತ್ತು ಮೋಡ ಒಟ್ಟೊಟ್ಟಿಗೆ ಬೆಳೆಯುವುದರಿಂದ ರಾಶಿಯೇ ಕಾರಣ ಎಂಬಂತೆ ತೋರುತ್ತದೆ, ಅಷ್ಟೇ. ಫ್ಲೋರಿನ್ −188, ಕ್ಲೋರಿನ್ −34, ಬ್ರೋಮಿನ್ 59, ಅಯೋಡಿನ್ 184: ಅನಿಲದಿಂದ ದ್ರವ, ದ್ರವದಿಂದ ಘನದವರೆಗಿನ ಈ ಪೂರ್ತಿ ಪಯಣ ಲಂಡನ್ ಬಲವೊಂದರಿಂದಲೇ ಆದದ್ದು. ಅಯೋಡಿನ್‌ನಲ್ಲಿ ದ್ವಿಧ್ರುವವೂ ಇಲ್ಲ, ಹೈಡ್ರೋಜನ್ ಬಂಧವೂ ಇಲ್ಲ, ಆದರೂ ಅದರ ಕುದಿಬಿಂದು ನೀರಿಗಿಂತ 84 ಡಿಗ್ರಿ ಮೇಲಿದೆ.

ಆಕಾರದ ವಿಷಯಕ್ಕೆ ಪೆಂಟೇನ್‌ನ ಮೂರು ಐಸೋಮರ್‌ಗಳು (ಸೂತ್ರ ಒಂದೇ, ಜೋಡಣೆ ಬೇರೆ) ಸಾಕು. ನೇರ ಸರಪಳಿ 36 ಡಿಗ್ರಿ, ಒಂದು ಕವಲಿನ ಐಸೊಪೆಂಟೇನ್ 28, ಚೆಂಡಿನಂತಿರುವ ನಿಯೊಪೆಂಟೇನ್ 9.5. ಎರಡು ಕಡ್ಡಿಗಳು ಉದ್ದಕ್ಕೂ ತಾಗಿಕೊಂಡು ಮಲಗಬಲ್ಲವು, ಎರಡು ಚೆಂಡುಗಳು ಒಂದೇ ಬಿಂದುವಿನಲ್ಲಿ ಮುಟ್ಟುತ್ತವೆ. ಇಲ್ಲೊಂದು ಎಚ್ಚರಿಕೆ ಬೇಕು. ಇದೇ ತರ್ಕವನ್ನು ಕರಗುವ ಬಿಂದುವಿಗೆ ಎಳೆಯಬಾರದು. ನಿಯೊಪೆಂಟೇನ್ ಕರಗುವುದು −17ರಲ್ಲಿ, ನೇರ ಪೆಂಟೇನ್ −130ರಲ್ಲಿ. ಈ ಎರಡರ ಕ್ರಮ ತಿರುಗಿಬಿಟ್ಟಿದೆ, ಏಕೆಂದರೆ ಸಮಮಿತಿಯುಳ್ಳ ಚೆಂಡು ಹರಳಿನೊಳಗೆ ಅಚ್ಚುಕಟ್ಟಾಗಿ ಕೂರುತ್ತದೆ, ದ್ರವವಾದ ಮೇಲೂ ಅದಕ್ಕೆ ಸಿಗುವ ಹೊಸ ಸ್ವಾತಂತ್ರ್ಯ ಕಡಿಮೆ. ಬಲಗಳ ತುಲನೆಗೆ ಕುದಿಬಿಂದುವನ್ನೇ ಹಿಡಿಯಿರಿ. ಕರಗುವ ಬಿಂದುವಿನಲ್ಲಿ ಜೋಡಣೆಯ ಪ್ರಶ್ನೆಯೂ ಬೆರೆತಿರುತ್ತದೆ.

ದ್ವಿಧ್ರುವ ಬಲ ಯಾವಾಗಲೂ ಸಣ್ಣದು ಎಂದು ಮೇಲಿನ ಸಾಲಿನಿಂದ ತೀರ್ಮಾನಿಸಿದರೆ ಅದೂ ತಪ್ಪಾಗುತ್ತದೆ. ಅಸಿಟೊನೈಟ್ರೈಲ್‌ನಲ್ಲಿ 22 ಇಲೆಕ್ಟ್ರಾನ್, ಎಥನಾಲ್‌ನಲ್ಲಿ 26. ಅಸಿಟೊನೈಟ್ರೈಲ್ ತನ್ನೊಳಗೆ ಹೇಳಿಕೊಳ್ಳುವಂಥ ಹೈಡ್ರೋಜನ್ ಬಂಧ ಮಾಡುವುದಿಲ್ಲ, ಎಥನಾಲ್ ಮಾಡುತ್ತದೆ. ಹಾಗಿದ್ದರೂ ಅಸಿಟೊನೈಟ್ರೈಲ್ 82ರಲ್ಲಿ ಕುದಿಯುತ್ತದೆ, ಎಥನಾಲ್ 78ರಲ್ಲಿ. ಅದರ ಡೈಪೋಲ್ ಮೊಮೆಂಟ್ ಸುಮಾರು 3.9 ಡಿಬೈ, ಎಥನಾಲ್‌ನದು 1.7. ದ್ವಿಧ್ರುವ ದೊಡ್ಡದಿದ್ದು, ಅಣು ಚಿಕ್ಕದಾಗಿ ಸಪೂರವಾಗಿದ್ದರೆ ತುದಿಗಳು ಒಂದಕ್ಕೊಂದು ಹತ್ತಿರ ಬಂದು ಗಟ್ಟಿಯಾಗಿ ಸೆಳೆಯುತ್ತವೆ. ಇನ್ನೊಂದು ದಿಕ್ಕಿನ ಉದಾಹರಣೆ ಕಾರ್ಬನ್ ಟೆಟ್ರಾಕ್ಲೋರೈಡ್. ನಾಲ್ಕು ಬಂಧಗಳ ಧ್ರುವೀಯತೆ ಪರಸ್ಪರ ರದ್ದಾಗಿ ಅಣುವಿನ ಡೈಪೋಲ್ ಮೊಮೆಂಟ್ ಸೊನ್ನೆ, ಕುದಿಬಿಂದು 77. ಧ್ರುವೀಯವಾದ ಕ್ಲೋರೊಫಾರ್ಮ್‌ನದು 61. ಒಂದು ಕ್ಲೋರಿನ್ ಹೆಚ್ಚಿದ್ದರಿಂದ ಸಿಕ್ಕ ಲಂಡನ್ ಬಲ, ಕಳೆದುಹೋದ ದ್ವಿಧ್ರುವವನ್ನು ತುಂಬಿ ಮಿಕ್ಕಿತು. ದ್ವಿಧ್ರುವದ ಪರಿಣಾಮವನ್ನು ಬೇರೇನೂ ಬೆರೆಸದೆ ನೋಡಬೇಕೆಂದರೆ 1,2-ಡೈಕ್ಲೋರೊಈಥೀನ್ ತೆಗೆದುಕೊಳ್ಳಿ: ಅದೇ ಪರಮಾಣುಗಳು, ಅವೇ ಬಂಧಗಳು. ಎರಡು ಕ್ಲೋರಿನ್ ಒಂದೇ ಬದಿಗಿರುವ, ಧ್ರುವೀಯವಾದ ಸಿಸ್ ರೂಪ 60ರಲ್ಲಿ ಕುದಿಯುತ್ತದೆ, ಅವು ಎದುರು ಬದಿಗಳಲ್ಲಿರುವ, ಧ್ರುವೀಯವಲ್ಲದ ಟ್ರಾನ್ಸ್ ರೂಪ 48ರಲ್ಲಿ.

ಇನ್ನು ಹೈಡ್ರೋಜನ್ ಬಂಧ. ಇದಕ್ಕೆ ಎರಡು ಕಡೆ ಬೇಕು: ನೈಟ್ರೋಜನ್, ಆಕ್ಸಿಜನ್ ಅಥವಾ ಫ್ಲೋರಿನ್‌ಗೆ ನೇರವಾಗಿ ಅಂಟಿದ ಹೈಡ್ರೋಜನ್ ಒಂದು ಕಡೆ, ಇದೇ ಮೂರರಲ್ಲಿ ಯಾವುದಾದರೊಂದರ ಮೇಲಿನ ಒಂಟಿ ಇಲೆಕ್ಟ್ರಾನ್ ಜೋಡಿ (ಬಂಧದಲ್ಲಿ ತೊಡಗದ ಜೋಡಿ) ಇನ್ನೊಂದು ಕಡೆ. ಸೂತ್ರದಲ್ಲಿ ಹೈಡ್ರೋಜನ್ ಜೊತೆ ಆಕ್ಸಿಜನ್ನೋ ಫ್ಲೋರಿನ್ನೋ ಕಂಡ ತಕ್ಷಣ ‘ಹೈಡ್ರೋಜನ್ ಬಂಧವಿದೆ’ ಎಂದು ಬರೆಯುವುದು ಅತಿ ಸಾಮಾನ್ಯ ತಪ್ಪು. ಮೀಥೈಲ್ ಫ್ಲೋರೈಡ್‌ನಲ್ಲಿ ಹೈಡ್ರೋಜನ್ನೂ ಫ್ಲೋರಿನ್ನೂ ಇವೆ, ಆದರೆ ಹೈಡ್ರೋಜನ್ ಕುಳಿತಿರುವುದು ಇಂಗಾಲದ ಮೇಲೆ. ಡೈಮೀಥೈಲ್ ಈಥರ್‌ನದೂ ಅದೇ ಕಥೆ. ಪ್ರೊಪೇನ್, ಡೈಮೀಥೈಲ್ ಈಥರ್, ಎಥನಾಲ್ ಮೂರರಲ್ಲೂ 26 ಇಲೆಕ್ಟ್ರಾನ್: ಕುದಿಬಿಂದು −42, −24, 78. ಈಥರ್ ಮತ್ತು ಎಥನಾಲ್‌ನ ಅಣುಸೂತ್ರವೂ ಒಂದೇ. ರಚನೆ ಬಿಡಿಸದೆ ಸೂತ್ರ ನೋಡಿ ಉತ್ತರ ಬರೆದರೆ ನೂರು ಡಿಗ್ರಿಯಷ್ಟು ದಾರಿ ತಪ್ಪುತ್ತದೆ.

ಕ್ಲೋರಿನ್ ಏಕೆ ಈ ಪಟ್ಟಿಯಲ್ಲಿಲ್ಲ ಎಂದು ಕೇಳುವ ವಿದ್ಯಾರ್ಥಿ ಒಳ್ಳೆಯ ಪ್ರಶ್ನೆಯನ್ನೇ ಕೇಳುತ್ತಿದ್ದಾನೆ. ಪೌಲಿಂಗ್ ಮಾನದಲ್ಲಿ ಕ್ಲೋರಿನ್‌ನ ಇಲೆಕ್ಟ್ರೋನೆಗೆಟಿವಿಟಿ (ಬಂಧದ ಇಲೆಕ್ಟ್ರಾನ್‌ಗಳನ್ನು ತನ್ನತ್ತ ಸೆಳೆಯುವ ಗುಣ) 3.16, ನೈಟ್ರೋಜನ್‌ನದು 3.04. ಅಂಕಿಯೊಂದನ್ನೇ ನೋಡಿದರೆ ಕ್ಲೋರಿನ್ ಮೇಲೇ ಇದೆ. ಆದರೆ ಅದು ಮೂರನೇ ಆವರ್ತದ ದೊಡ್ಡ ಪರಮಾಣು, ಅದರ ಒಂಟಿ ಜೋಡಿಗಳು ಹರಡಿಕೊಂಡಿರುತ್ತವೆ. ಹೈಡ್ರೋಜನ್‌ಗೆ ಹತ್ತಿರ ಬಂದು ಹಿಡಿಯಲು ಒತ್ತಾದ ಋಣಾವೇಶ ಅಲ್ಲಿ ಸಿಗುವುದಿಲ್ಲ.

ಬಂಧದ ಬಲದಷ್ಟೇ ಬಂಧಗಳ ಸಂಖ್ಯೆಯೂ ಮುಖ್ಯ. 10 ಇಲೆಕ್ಟ್ರಾನ್‌ಗಳ ಕುಟುಂಬದಲ್ಲಿ ಮೀಥೇನ್ −161, ಅಮೋನಿಯಾ −33, ಹೈಡ್ರೋಜನ್ ಫ್ಲೋರೈಡ್ 19.5, ನೀರು 100. ಒಂದೊಂದು ಬಂಧವನ್ನು ತೂಗಿದರೆ ಹೈಡ್ರೋಜನ್ ಫ್ಲೋರೈಡ್‌ನದೇ ಹೆಚ್ಚು ಗಟ್ಟಿ. ಆದರೆ ಅದರ ಅಣುವಿನಲ್ಲಿ ಕೊಡಲು ಒಂದೇ ಹೈಡ್ರೋಜನ್, ಹೀಗಾಗಿ ಸರಾಸರಿ ಅಣುವಿಗೆ ಒಂದೇ ಬಂಧ. ಅಮೋನಿಯಾದಲ್ಲಿ ಮೂರು ಹೈಡ್ರೋಜನ್, ಆದರೆ ಒಂಟಿ ಜೋಡಿ ಒಂದೇ. ನೀರಿನಲ್ಲಿ ಎರಡು ಹೈಡ್ರೋಜನ್, ಎರಡು ಜೋಡಿ: ಕೊಡುವುದೂ ತೆಗೆದುಕೊಳ್ಳುವುದೂ ಸರಿಸಮ, ಯಾವುದೂ ವ್ಯರ್ಥವಾಗದು. ಓಎಚ್ (ಆಕ್ಸಿಜನ್–ಹೈಡ್ರೋಜನ್) ಗುಂಪುಗಳನ್ನು ಒಂದೊಂದಾಗಿ ಹೆಚ್ಚಿಸಿದರೂ ಇದೇ ಕಾಣುತ್ತದೆ. ಮೂರು ಇಂಗಾಲದ ಸರಪಳಿಯ ಮೇಲೆ ಒಂದು ಓಎಚ್ ಇರುವ 1-ಪ್ರೊಪನಾಲ್ 97ರಲ್ಲಿ, ಎರಡಿರುವ ಪ್ರೊಪಿಲೀನ್ ಗ್ಲೈಕಾಲ್ 188ರಲ್ಲಿ, ಮೂರಿರುವ ಗ್ಲಿಸರಾಲ್ 290ರಲ್ಲಿ ಕುದಿಯುತ್ತವೆ.

ಬಂಧ ತನ್ನೊಳಗೇ ಮುಚ್ಚಿಕೊಂಡರೆ ಫಲ ಬೇರೆ. ಆರ್ಥೊ-ನೈಟ್ರೊಫಿನಾಲ್‌ನಲ್ಲಿ ಓಎಚ್ ಮತ್ತು ನೈಟ್ರೊ ಗುಂಪು ಅಕ್ಕಪಕ್ಕದಲ್ಲಿರುವುದರಿಂದ ಹೈಡ್ರೋಜನ್ ಬಂಧ ಅಣುವಿನ ಒಳಗೇ ಆಗಿಬಿಡುತ್ತದೆ, ನೆರೆಯ ಅಣುವಿಗೆ ಚಾಚಲು ಉಳಿಯುವುದು ಕಡಿಮೆ. ಅದು 45 ಡಿಗ್ರಿಯಲ್ಲಿ ಕರಗುತ್ತದೆ, ಆ ಗುಂಪುಗಳು ಎದುರುಬದುರಾಗಿರುವ ಪ್ಯಾರಾ ರೂಪ 114ರಲ್ಲಿ. ಎರಡರ ಮಿಶ್ರಣವನ್ನು ಹಬೆ ಬಟ್ಟಿ ಇಳಿಸಿ ಬೇರ್ಪಡಿಸಲು ಸಾಧ್ಯವಾಗುವುದು ಇದರಿಂದಲೇ: ಆರ್ಥೊ ಹಬೆಯೊಂದಿಗೆ ಹೊರಟುಹೋಗುತ್ತದೆ, ಪ್ಯಾರಾ ಫ್ಲಾಸ್ಕಿನಲ್ಲೇ ಉಳಿಯುತ್ತದೆ.

ಅಯಾನುಗಳು, ಅಂದರೆ ಪೂರ್ಣ ಆವೇಶ ಹೊತ್ತ ಕಣಗಳು, ಬಂದರೆ ಇಡೀ ಲೆಕ್ಕ ಮೇಲಿನ ಅಂತಸ್ತಿಗೆ ಹೋಗುತ್ತದೆ. ಅಡುಗೆ ಉಪ್ಪಿನ ಒಂದು ಮೋಲ್ ಹರಳನ್ನು ಬಿಡಿ ಅಯಾನುಗಳಾಗಿ ಬೇರ್ಪಡಿಸಲು ಸುಮಾರು 788 ಕಿಲೋಜೂಲ್ ಬೇಕು, ಆ ಅಯಾನುಗಳನ್ನು ನೀರಿನ ಅಣುಗಳು ಸುತ್ತುವರಿದಾಗ ಸುಮಾರು 784 ಕಿಲೋಜೂಲ್ ಹಿಂದಿರುಗುತ್ತದೆ. ಒಂದೊಂದು ಅಯಾನ್–ದ್ವಿಧ್ರುವ ಸೆಳೆತ ಸಾಮಾನ್ಯ ಹೈಡ್ರೋಜನ್ ಬಂಧಕ್ಕಿಂತ ದೊಡ್ಡದು, ಜೊತೆಗೆ ಅಂಥವು ಹಲವು ಸೇರುತ್ತವೆ.

ಹೋಲಿಕೆಯ ಪ್ರಶ್ನೆ ಬಂದಾಗ ಕೆಲಸ ನಡೆಯಬೇಕಾದ ಕ್ರಮವನ್ನು ಇಷ್ಟರಿಂದ ಕಟ್ಟಿಕೊಳ್ಳಬಹುದು. ಅಯಾನುಗಳಿವೆಯೇ ನೋಡಿ. ಇಲ್ಲದಿದ್ದರೆ ಎರಡೂ ಅಣುಗಳ ರಚನೆ ಬಿಡಿಸಿ, ಒಂಟಿ ಜೋಡಿಗಳ ಸಮೇತ. ಇಲೆಕ್ಟ್ರಾನ್‌ಗಳನ್ನು ಎಣಿಸಿ. ಸಂಖ್ಯೆ ಹತ್ತಿರಹತ್ತಿರ ಇದ್ದರೆ ಮೆಟ್ಟಿಲು ಅನ್ವಯಿಸುತ್ತದೆ: ಮೊದಲು ಹೈಡ್ರೋಜನ್ ಬಂಧ, ಆಮೇಲೆ ಧ್ರುವೀಯತೆ, ಆಮೇಲೆ ಆಕಾರ. ಸಂಖ್ಯೆಯಲ್ಲಿ ಭಾರಿ ಅಂತರವಿದ್ದರೆ ಲಂಡನ್ ಬಲವೇ ಗೆಲ್ಲಬಹುದು ಎಂದು ಶಂಕಿಸಿ, ಫ್ಲೋರಿನ್ ತುಂಬಿದ ಅಣುವಾದರೆ ಆ ಶಂಕೆಯನ್ನೂ ತಗ್ಗಿಸಿ. ಉತ್ತರ ಬರೆಯುವಾಗ ‘ಇದರಲ್ಲಿ ಹೈಡ್ರೋಜನ್ ಬಂಧವಿದೆ, ಅದರಲ್ಲಿ ಲಂಡನ್ ಬಲವಿದೆ’ ಎಂದು ನಿಲ್ಲಿಸಬೇಡಿ. ಲಂಡನ್ ಬಲ ಎರಡರಲ್ಲೂ ಇದೆ. ಎಥನಾಲ್ ಮತ್ತು ಪ್ರೊಪೇನ್ ಕುರಿತು ಕೇಳಿದರೆ ಹೀಗೆ ಬರೆಯಬಹುದು: ‘ಎರಡರಲ್ಲೂ 26 ಇಲೆಕ್ಟ್ರಾನ್ ಇರುವುದರಿಂದ ಲಂಡನ್ ಬಲ ಹೆಚ್ಚುಕಡಿಮೆ ಸಮ. ಎಥನಾಲ್‌ನಲ್ಲಿ ಆಕ್ಸಿಜನ್‌ಗೆ ಅಂಟಿದ ಹೈಡ್ರೋಜನ್ ಇದ್ದು, ಅಣುಗಳ ನಡುವೆ ಹೈಡ್ರೋಜನ್ ಬಂಧ ಹೆಚ್ಚುವರಿಯಾಗಿ ಇದೆ. ಅವುಗಳನ್ನು ಬೇರ್ಪಡಿಸಲು ಹೆಚ್ಚು ಶಕ್ತಿ ಬೇಕು.’

ಇದನ್ನು ಕಣ್ಣಾರೆ ಕಾಣಲು ಆವಿಯಾಗುವಿಕೆಯ ಪ್ರಯೋಗಕ್ಕಿಂತ ಸರಳವಾದದ್ದಿಲ್ಲ. ಅಸಿಟೋನ್, ಎಥನಾಲ್, 2-ಪ್ರೊಪನಾಲ್, ನೀರು, ಒಂದೊಂದು ಪ್ರನಾಳದಲ್ಲಿ 10 ಮಿಲಿಲೀಟರ್. ಫಿಲ್ಟರ್ ಪೇಪರಿನಿಂದ ಒಂದೇ ಅಳತೆಯ ಪಟ್ಟಿಗಳನ್ನು ಕತ್ತರಿಸಿ, ಎರಡೂವರೆ ಸೆಂಟಿಮೀಟರ್ ಅಗಲ ಸಾಕು, ಥರ್ಮಾಮೀಟರಿನ ಬುಡಕ್ಕೆ ಸುತ್ತಿ ದಾರದಿಂದ ಕಟ್ಟಿ. ದ್ರವದಲ್ಲಿ ಒಂದು ನಿಮಿಷ ಅದ್ದಿ ಆರಂಭದ ಉಷ್ಣತೆ ಬರೆದುಕೊಳ್ಳಿ. ಹೊರತೆಗೆದು, ಬುಡ ಗಾಳಿಯಲ್ಲಿರುವಂತೆ ಮೇಜಿನ ಅಂಚಿನಲ್ಲಿಟ್ಟು ಪ್ರತಿ 20 ಸೆಕೆಂಡಿಗೆ ನಾಲ್ಕು ನಿಮಿಷದವರೆಗೆ ಓದಿ. ಹತ್ತಿರದಲ್ಲಿ ಬೆಂಕಿ ಇರಬಾರದು, ಕಿಟಕಿ ತೆರೆದಿರಲಿ, ಕಣ್ಣಿಗೆ ರಕ್ಷಣಾ ಕನ್ನಡಕವಿರಲಿ, ಬಾಟಲಿಗಳ ಮುಚ್ಚಳ ಕೂಡಲೇ ಹಾಕಿಬಿಡಿ. ಮೆಥನಾಲ್ ವಿಷಕಾರಿ, ಪಟ್ಟಿಗೆ ಸೇರಿಸುವುದು ಬೇಡ.

ಉಷ್ಣತೆ ಅತಿ ಹೆಚ್ಚು ಇಳಿಯುವುದು ಅಸಿಟೋನ್‌ನಲ್ಲಿ. ಇಲ್ಲಿ ಜಾಣ ವಿದ್ಯಾರ್ಥಿಯೂ ತಡವರಿಸುತ್ತಾನೆ: ಬಲ ಹೆಚ್ಚಿರುವ ನೀರನ್ನು ಆವಿ ಮಾಡಲು ಮೋಲ್‌ಗೆ ಹೆಚ್ಚು ಶಾಖ ಬೇಕಲ್ಲ, ಹಾಗಿದ್ದರೆ ನೀರೇ ಹೆಚ್ಚು ತಂಪಾಗಬೇಕಲ್ಲ? ಒಂದು ಅಣು ಹೊರಡುವಾಗ ಒಯ್ಯುವ ಶಾಖ ಒಂದು, ಸೆಕೆಂಡಿಗೆ ಎಷ್ಟು ಅಣುಗಳು ಹೊರಡುತ್ತವೆ ಎನ್ನುವುದು ಇನ್ನೊಂದು. 25 ಡಿಗ್ರಿಯಲ್ಲಿ ಅಸಿಟೋನ್‌ನ ಆವಿ ಒತ್ತಡ ಸುಮಾರು 31 ಕಿಲೋಪಾಸ್ಕಲ್, ಎಥನಾಲ್‌ನದು 7.9, ನೀರಿನದು 3.2. ಒಂದು ಅಣುವಿನ ಲೆಕ್ಕದಲ್ಲಿ ನೀರು ಒಂದೂವರೆ ಪಟ್ಟನ್ನೂ ಮುಟ್ಟದಷ್ಟೇ ಹೆಚ್ಚು ಶಾಖ ಒಯ್ದರೆ, ಒತ್ತಡದಲ್ಲಿ ಅಸಿಟೋನ್ ಹತ್ತು ಪಟ್ಟಿನಷ್ಟು ಮುಂದಿದೆ.

ಅಂಕಿಗಳು ಅಡ್ಡಾದಿಡ್ಡಿ ಬಂದರೆ ಮೊದಲು ಫ್ಯಾನ್ ನೋಡಿ, ಆಮೇಲೆ ಪಟ್ಟಿಯ ಸುತ್ತುಗಳ ಸಂಖ್ಯೆ. ಒಂದು ಥರ್ಮಾಮೀಟರಿಗೆ ಎರಡು ಸುತ್ತು, ಇನ್ನೊಂದಕ್ಕೆ ಮೂರು ಎಂದಾದರೆ ಹೋಲಿಕೆಗೆ ಅರ್ಥವಿಲ್ಲ. ತೇವ ಹೆಚ್ಚಿರುವ ದಿನ ನೀರಿನ ಇಳಿಕೆ ಬಹಳ ಕಡಿಮೆ ಬರುತ್ತದೆ, ಏಕೆಂದರೆ ಗಾಳಿಯಿಂದ ಅಣುಗಳು ಮರಳಿ ಪಟ್ಟಿಗೆ ಬರುತ್ತಿರುತ್ತವೆ. ಅಸಿಟೋನ್ ಪಟ್ಟಿಯ ಉಷ್ಣತೆ ತಳ ಮುಟ್ಟಿ ಮತ್ತೆ ಏರತೊಡಗಿದರೆ ದ್ರವ ಮುಗಿದಿದೆ ಎಂದರ್ಥ. ಆ ತಂಪಿಗೆ ಗಾಳಿಯ ತೇವವೂ ಪಟ್ಟಿಯ ಮೇಲೆ ಸಾಂದ್ರಗೊಂಡಿರಬಹುದು, ಮುಟ್ಟಿ ನೋಡಿದರೆ ಒದ್ದೆ ಹತ್ತುತ್ತದೆ. ಅಲ್ಲಿಂದಾಚೆಯ ಓದುಗಳನ್ನು ಬಿಟ್ಟು, ತಲುಪಿದ ಕನಿಷ್ಠ ಉಷ್ಣತೆಯನ್ನು ಮಾತ್ರ ಆರಂಭದ ಉಷ್ಣತೆಯಿಂದ ಕಳೆಯಿರಿ. ಎಥನಾಲ್ ಮತ್ತು 2-ಪ್ರೊಪನಾಲ್ ಕುದಿಬಿಂದುಗಳ ನಡುವೆ ನಾಲ್ಕೇ ಡಿಗ್ರಿ ಅಂತರವಿರುವುದರಿಂದ ಆ ಎರಡರ ಕ್ರಮ ಒಂದೇ ಓಟದಲ್ಲಿ ಖಚಿತವಾಗುವುದಿಲ್ಲ. ಪ್ರತಿ ಬಾರಿಯೂ ಹೊಸ ಪಟ್ಟಿ ಸುತ್ತಿ ಮೂರು ಬಾರಿ ಮಾಡಿ ಸರಾಸರಿ ತೆಗೆಯಿರಿ.